ಪ್ರಸಂಗಪೀಠದಲ್ಲಿ ಬಾಣಂತಿ

ಟೈಲರಮ್ಮ ಚರ್ಚಿನ ಸಮಿತಿಗೆ ಅಧ್ಯಕ್ಷೆಯಾದದ್ದು ಅವಳು ಕೈ ತೊಳೆಯಲು ಹೋಗಿದ್ದಾಗ. ವರ್ಷದ ಸಭೆ ಮುಗಿಯುವ ಹೊತ್ತಿಗೆ ಟೀ ಚೆಲ್ಲಿ ಕೈಯೆಲ್ಲ ಅಂಟಂಟಾಗಿತ್ತೆಂದು ಹಿತ್ತಲ ನಲ್ಲಿಗೆ ಹೋದಳು. ತಿರುಗಿ ಬಂದರೆ ಒಳಗೆ ಚಪ್ಪಾಳೆಯೋ ಚಪ್ಪಾಳೆ. ಯಾರಿಗೋ ಇರಲಿ ಎಂದು ಒದ್ದೆ ಕೈಯಲ್ಲೇ ತಾನೂ ನಾಲ್ಕು ತಟ್ಟಿದಳು. ತಟ್ಟಿದ್ದು ತನಗೇ ಎಂದು ತಿಳಿದದ್ದು ಪಕ್ಕದಲ್ಲಿದ್ದ ಬೇಕರಿಯವರು ಕೈ ಕುಲುಕಿದ ಮೇಲೆ.

ಬಟ್ಟೆಯ ವಿಷಯಕ್ಕೆ ಬಂದರೆ ಅವಳದು ಒಂದೇ ಮಾತು. ಎಂಥ ಗಿರಾಕಿಯೇ ಬಂದು "ಇನ್ನೂ ಬಿಗಿ ಮಾಡಿ" ಎಂದರೂ "ಉಸಿರಾಡೋದು ಬೇಡ್ವಾ ನಿಮಗೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಳೆಂದರೆ ಧೈರ್ಯವೂ ಒಳಗೇ, ಹೊಲಿದಿಟ್ಟ ಕೋಟುಗಳ ನಡುವೆ ನೇತಾಡುತ್ತ ಉಳಿದುಬಿಡುತ್ತಿತ್ತು. ಮನೆಯಲ್ಲಿ ಅತ್ತೆಯ ದರ್ಬಾರು. ಕಿಟಕಿ ಎಷ್ಟು ತೆರೆಯಬೇಕು, ಸಾರಿಗೆ ಉಪ್ಪು ಎಷ್ಟು ಬೀಳಬೇಕು, ಯಾವ ನೆಂಟರಿಗೆ ನಗುಮುಖ, ಯಾವ ನೆಂಟರಿಗೆ ತಲೆನೋವು, ಎಲ್ಲವೂ ಅತ್ತೆಯ ಅಪ್ಪಣೆ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಮುಕ್ಕಾಲು ಪಾಲು ಹೊರಗೇ ಇರುತ್ತಿದ್ದ. ಮಿಕ್ಕ ಕಾಲು ಪಾಲು ಮಲಗಿರುತ್ತಿದ್ದ.

ಅವರದು ಪೋಪರಿಗೆ ಒಳಪಡದ ಲೂಥರನ್ ಚರ್ಚು. ಚಿಕ್ಕದು, ಹಳೆಯದು. ಅದರಲ್ಲಿ ದೊಡ್ಡದು ಎನ್ನಬಹುದಾದದ್ದು ಒಂದೇ, ಪಾಸ್ಟರು, ಊರವರ ಬಾಯಲ್ಲಿ ಅಯ್ಯನವರು, ನಿಂತು ಉಪದೇಶ ಮಾಡುವ ಪ್ರಸಂಗಪೀಠ. ಕಪ್ಪು ಮರದ್ದು, ಗೋಡೆಗೆ ಆನಿಸಿದ ಭಾರಿ ಪೀಪಾಯಿಯ ಹಾಗಿತ್ತು. ಅದಕ್ಕೆ ಸುತ್ತಿ ಏರುವ ಮೆಟ್ಟಿಲು, ಮೇಲೆ ಸೊಂಟದೆತ್ತರದ ಒಂದು ಪುಟ್ಟ ಬಾಗಿಲು. ಹಿಂದೆ ಇದ್ದ ಅಯ್ಯನವರು ಕುಳ್ಳಗಿದ್ದರು. ಅವರು ಅಲ್ಲಿ ನಿಂತರೆ ಸಭೆಗೆ ಬರೀ ಕೂದಲು ಕಾಣುತ್ತಿತ್ತೆಂದು ಯಾರೋ ಪುಣ್ಯಾತ್ಮರು ನಿಲ್ಲಲು ಒಂದು ದಪ್ಪ ಮೆತ್ತೆ ಮಾಡಿಸಿಕೊಟ್ಟಿದ್ದರು. ಈಗಿನ ಅಯ್ಯನವರು ದೇವಜ್ಞಾನ ಶಾಲೆ ಮುಗಿಸಿ ಹೊಸದಾಗಿ ಬಂದ ಹುಡುಗ, ತೆಂಗಿನ ಮರದಷ್ಟು ಉದ್ದ. ಮೆತ್ತೆ ಪೀಠದೊಳಗೇ ಮೂಲೆ ಸೇರಿತ್ತು.

ಒಂದು ಶನಿವಾರ ಬೆಳಿಗ್ಗೆ ಟೈಲರಮ್ಮ ಪ್ರಸಂಗಪೀಠದ ಮುಂದೆ ಇಳಿಬಿಡುವ ಹೊಸ ಬಟ್ಟೆಗೆ ಅಳತೆ ತೆಗೆಯಲು ಟೇಪು ಹಿಡಿದು ಮೇಲೆ ಹತ್ತಿದಳು. ಬಾಗಿಲು ದೂಡಿದ್ದೇ ತಡ, ಒಳಗಿನಿಂದ ಪ್ರೆಶರ್ ಕುಕ್ಕರ್ ಬಿಟ್ಟಂಥ ಸದ್ದು. ಮೆತ್ತೆಯ ಮೇಲೆ ಒಂದು ಬೂದು ಬಣ್ಣದ ಬೆಕ್ಕು. ಅದರ ಹೊಟ್ಟೆಗೆ ಅಂಟಿಕೊಂಡು, ಕಾಲುಚೀಲ ಮುದುರಿಟ್ಟ ಹಾಗೆ, ಮರಿಗಳು. ಬೆಕ್ಕು ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಟೈಲರಮ್ಮನ ಬಾಯಿಂದ ತಾನಾಗಿ "ಕ್ಷಮಿಸಿ" ಎಂದು ಬಂತು. ಬಾಗಿಲು ಮುಚ್ಚಿ ಹಿಂದುಹಿಂದಕ್ಕೇ ಇಳಿದಳು.

ನೇರ ಅಯ್ಯನವರ ಮನೆಗೆ ಹೋದಳು. ಅವರು ಮರುದಿನದ ಪ್ರಸಂಗ ಬರೆಯುತ್ತಿದ್ದರು. ವಿಷಯ ಕೇಳಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, ಮೆಟ್ಟಿಲು ಹತ್ತಿ, ಕೈ ಚಾಚಿ, ಮಣಿಕಟ್ಟಿನ ಮೇಲೆ ಮೂರು ಕೆಂಪು ಗೀರು ಬರೆಸಿಕೊಂಡು ಇಳಿದು ಬಂದರು.

"ನೋಡಿಮ್ಮ," ಎಂದರು ಗಾಯಕ್ಕೆ ಉಫ್ ಎಂದು ಊದಿಕೊಳ್ಳುತ್ತ, "ನಮ್ಮ ನಂಬಿಕೆ ಪ್ರಕಾರ ಪಾಸ್ಟರಿಗೆ ಇರೋ ಕೆಲಸ ದೇವರ ವಾಕ್ಯ ಸಾರೋದು, ಸಂಸ್ಕಾರ ಕೊಡೋದು. ಅಷ್ಟೇ. ಬಲವಂತ ಮಾಡೋ ಅಧಿಕಾರ ನನಗೆ ಎಳ್ಳಷ್ಟೂ ಇಲ್ಲ. ಏನಿದ್ರೂ ವಾಕ್ಯದಿಂದ. ಬಲದಿಂದ ಅಲ್ಲ."

"ಹಾಗಾದ್ರೆ ವಾಕ್ಯದಿಂದಲೇ ಒಂದು ಮಾತು ಹೇಳಿ ನೋಡಿ ಅಯ್ಯನವರೇ," ಎಂದಳು ಟೈಲರಮ್ಮ, ಕುಚೋದ್ಯಕ್ಕಲ್ಲ, ನಿಜವಾಗಿಯೇ.

ಅಯ್ಯನವರು ಹುಡುಗರೇ ಆದರೂ ಪ್ರಾಮಾಣಿಕರು. ಮೆಟ್ಟಿಲ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, ಪ್ರತಿಯೊಂದು ಜೀವಿಗೂ ಅದರದರ ಕರೆ ಇರುತ್ತದೆ, ಅದರದರ ಜಾಗ ಇರುತ್ತದೆ, ತಾಯ್ತನವೂ ಒಂದು ಕರೆಯೇ, ಆದರೆ ಆ ಕರೆಯನ್ನು ನೆರವೇರಿಸಲು ಗೋದಾಮು, ಹಟ್ಟಿ, ಅಟ್ಟ ಮುಂತಾದ ಎಷ್ಟೋ ಅನುಕೂಲಗಳಿವೆ ಎಂದು ಸುಮಾರು ಹೊತ್ತು ವಿವರಿಸಿದರು. ಒಳಗಿನಿಂದ ಗುರ್ ಗುರ್ ಎಂಬ ಸದ್ದು ಬಂತು. ಅಯ್ಯನವರ ಮುಖ ಅರಳಿತು.

"ಒಪ್ಪಿಗೆ ಇದೆ ಅನ್ನಿಸುತ್ತೆ!"

ಟೈಲರಮ್ಮ ಇಣುಕಿದಳು. "ನಿದ್ದೆ ಮಾಡ್ತಿದೆ ಅಯ್ಯನವರೇ."

ಅಷ್ಟರಲ್ಲಿ ಅತ್ತೆಗೆ ಸುದ್ದಿ ಮುಟ್ಟಿ ಊರುಗೋಲು ಕುಟ್ಟಿಕೊಂಡು ಬಂದೇಬಿಟ್ಟರು. ಸೊಸೆಯನ್ನೂ ಅಯ್ಯನವರನ್ನೂ ಒಂದೇ ನೋಟದಲ್ಲಿ ಅಳೆದರು.

"ದೇವರ ವಾಕ್ಯ ಸಾರೋ ಜಾಗದಲ್ಲಿ ಬಾಣಂತನ! ಬಿಷಪ್ಪಿಗೆ ಫೋನ್ ಹಚ್ಚೇ. ಮೇಲಿನವರು ಅಂತ ಇರೋದು ಇನ್ನ್ಯಾತಕ್ಕೆ?"

ಟೈಲರಮ್ಮ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಬೆಂಚಿನ ಮೇಲಿಟ್ಟಳು. ಬಿಷಪ್ಪರು ಏನೋ ಅಗಿಯುತ್ತಲೇ ಎಲ್ಲ ಕೇಳಿಸಿಕೊಂಡರು.

"ಅಧ್ಯಕ್ಷರೇ, ನಾನೇನು ಪೋಪ್ ಅಲ್ಲಮ್ಮ. ಬಿಷಪ್ ಅನ್ನೋದು ನಾವುನಾವೇ ಒಂದು ಶಿಸ್ತಿಗೆ ಅಂತ ಮಾಡಿಕೊಂಡಿರೋ ಏರ್ಪಾಡು. ದೇವರು ಆಜ್ಞೆನೂ ಮಾಡದ, ಬೇಡ ಅಂತನೂ ಹೇಳದ ವಿಷಯ ಇದು. ಇಂಥದ್ದನ್ನ ಆಜ್ಞೆ ಅಂತ ನಿಮ್ಮ ಮೇಲೆ ಹೇರಿದ್ರೆ ನಾನು ಲೂಥರನ್ ಬಿಷಪ್ ಹೇಗಾಗ್ತೀನಿ? ಸಭೆಯವರು ಕೂತು ತೀರ್ಮಾನ ಮಾಡಿ."

ಅತ್ತೆ ಫೋನಿನ ಮೇಲೆ ಬಾಗಿದರು. "ಹಾಗಾದ್ರೆ ನಿಮಗೆ ಆ ಉದ್ದ ಟೊಪ್ಪಿ ಯಾತಕ್ಕೆ?"

ಅಗಿಯುವ ಸದ್ದು ನಿಂತಿತು. "ಅದು... ದೂರದಿಂದ ಗುರುತು ಸಿಗಲಿ ಅಂತಮ್ಮ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಮುಂದಿನ ತಿಂಗಳು ನಾನು ಅಲ್ಲಿಗೆ ಬರೋ ಹೊತ್ತಿಗೆ ಅದು ಹೋಗಿರುತ್ತೆ ತಾನೇ? ನನಗೆ ಬೆಕ್ಕು ಅಂದ್ರೆ ಅಷ್ಟಾಗಿ ಆಗಿಬರಲ್ಲ."

ಸಂಜೆ ಸಮಿತಿ ಕೂಡಿತು. ಸಮಿತಿ ಎಂದರೆ ಟೈಲರಮ್ಮ, ಬೇಕರಿಯವರು, ಮತ್ತು ನಿವೃತ್ತರಾದ ಲೆಕ್ಕದ ಮೇಷ್ಟ್ರು. ಅತ್ತೆ ಸಮಿತಿಯಲ್ಲಿರಲಿಲ್ಲ. ಆದರೆ ಅತ್ತೆ ಇಲ್ಲದ ಸಮಿತಿಯನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಅಯ್ಯನವರು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಒಂದು ಮೂಲೆಯಲ್ಲಿ ಕೂತರು.

ಮೇಷ್ಟ್ರು ಅಜ್ಜನ ಕಾಲದ ದಪ್ಪ ಸತ್ಯವೇದವನ್ನು ಮಗುವನ್ನೆತ್ತಿದ ಹಾಗೆ ಎತ್ತಿಕೊಂಡು ಬಂದಿದ್ದರು.

"ಪಾಸ್ಟರು ಹೇಳೋದು ಬೇಡ, ಬಿಷಪ್ಪು ಹೇಳೋದು ಬೇಡ. ಎಲ್ಲಕ್ಕಿಂತ ಮೇಲೆ ಇರೋದು ಇದು," ಎಂದು ಮೇಜಿನ ಮೇಲಿಟ್ಟರು. ಧೂಳೆದ್ದು ಬೇಕರಿಯವರು ಸೀನಿದರು. "ನಾನು ಮಧ್ಯಾಹ್ನದಿಂದ ಹುಡುಕಿದ್ದೀನಿ. ಸಿಂಹ ಇದೆ, ಚಿರತೆ ಇದೆ, ನಾಯಿ ಇದೆ. ಕತ್ತೆಯಂತೂ ಮಾತೇ ಆಡುತ್ತೆ. ಕೋಳಿ ಇದೆ, ಮೊಲ ಇದೆ, ಇರುವೆ ಇದೆ. ಮನೆಬೆಕ್ಕು ಮಾತ್ರ ಎಲ್ಲೂ ಇಲ್ಲ."

"ಇಲ್ಲ ಅಂದ್ರೆ ಇರೋ ಹಾಗಿಲ್ಲ ಅಂತ ಅರ್ಥ. ಓಡಿಸಿ ಆಚೆಗೆ," ಎಂದರು ಬೇಕರಿಯವರು.

"ಬಟಾಟೆನೂ ಇಲ್ಲವಲ್ರೀ ಅದರಲ್ಲಿ," ಎಂದಳು ಟೈಲರಮ್ಮ. ಹೇಳಿದ ಮೇಲೆ ಅತ್ತೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

"ತಡೀರಿ, ಇನ್ನೂ ಮುಗಿದಿಲ್ಲ," ಎಂದರು ಮೇಷ್ಟ್ರು. ಅವರ ಕಣ್ಣು ಲೆಕ್ಕ ತಾಳೆಯಾದವರ ಹಾಗೆ ಹೊಳೆಯುತ್ತಿತ್ತು. "ಈ ಹಳೇ ಪ್ರತಿಯಲ್ಲಿ ಎರಡು ಒಡಂಬಡಿಕೆಗಳ ನಡುವೆ ಕೆಲವು ಹೆಚ್ಚಿನ ಪುಸ್ತಕಗಳಿವೆ. ಅದರಲ್ಲಿ ಒಂದೇ ಒಂದು ಕಡೆ ಬೆಕ್ಕು ಸಿಕ್ತು! ವಿಗ್ರಹಗಳ ಮೇಲೆ ಹಕ್ಕಿಗಳೂ ಬೆಕ್ಕುಗಳೂ ಹತ್ತಿ ಕೂರುತ್ತವೆ ಅಂತ."

ಆ ಮಾತಿನ ಅರ್ಥ ಮೊದಲು ಹೊಳೆದದ್ದು ಅತ್ತೆಗೆ.

"ಏನಂದ್ರಿ? ನಮ್ಮ ಪ್ರಸಂಗಪೀಠ ವಿಗ್ರಹನಾ?"

"ನಾನಂದಿಲ್ಲಮ್ಮ, ಅದರಲ್ಲಿದೆ..."

"ನಮ್ಮತ್ತೆಯ ಅಜ್ಜ ಹೊತ್ತು ತಂದ ಮರ ಅದು!"

ಅಯ್ಯನವರು ಕೈಯೆತ್ತಿದರು. "ಆ ಹೆಚ್ಚಿನ ಪುಸ್ತಕಗಳು ಓದೋಕೆ ಒಳ್ಳೆಯವು, ಆದರೆ ಅವುಗಳಿಂದ ನಂಬಿಕೆಯ ವಿಷಯ ತೀರ್ಮಾನ ಮಾಡೋ ಹಾಗಿಲ್ಲ. ನಮ್ಮಲ್ಲಿ ಹಾಗೇ ಇರೋದು."

"ಅಂದ್ರೆ ಬೆಕ್ಕು ಓದೋಕೆ ಒಳ್ಳೇದು, ತೀರ್ಮಾನಕ್ಕೆ ಬರಲ್ಲ," ಎಂದು ಬೇಕರಿಯವರು ತಮಗೆ ಅರ್ಥವಾದಷ್ಟನ್ನು ಒಟ್ಟು ಮಾಡಿ ಹೇಳಿದರು. ಅತ್ತೆ ಮತ್ತು ಮೇಷ್ಟ್ರ ಜಗಳ ಪ್ರಸಂಗಪೀಠದ ಮರದಿಂದ ಹಿಡಿದು ಮೇಷ್ಟ್ರು ಹಿಂದೊಮ್ಮೆ ಅತ್ತೆಯ ಮಗನನ್ನು ಲೆಕ್ಕದಲ್ಲಿ ಫೇಲು ಮಾಡಿದ ತನಕ ಹೋಯಿತು. ಕೊನೆಗೆ ಬೇಸತ್ತ ಟೈಲರಮ್ಮ, "ನಾಳೆ ಆರಾಧನೆಗೆ ಎಲ್ಲರೂ ಬರ್ತಾರಲ್ಲ, ಎಲ್ಲರನ್ನೇ ಕೇಳೋಣ," ಎಂದು ದೀಪ ಆರಿಸಿಬಿಟ್ಟಳು. ಕತ್ತಲಲ್ಲಿ ಚಪ್ಪಲಿ ಹುಡುಕುವುದರಲ್ಲಿ ಇಬ್ಬರಿಗೂ ಜಗಳ ಮರೆತುಹೋಯಿತು.

ಭಾನುವಾರ ಬೆಂಚುಗಳು ಕಿಕ್ಕಿರಿದವು. ಹಬ್ಬಕ್ಕೂ ಬಾರದವರು ಬೆಕ್ಕಿಗೆ ಬಂದಿದ್ದರು. ಮೊದಲ ಹಾಡು ಮುಗಿಯುತ್ತಲೇ ಟೈಲರಮ್ಮ ಎದ್ದು, ತಗ್ಗಿದ ದನಿಯಲ್ಲಿ ಸಂಗತಿ ವಿವರಿಸಿದಳು. ಬೇಕರಿಯವರು ಎದ್ದರು.

"ನಾವು ಲೂಥರನ್ನರು. ನಮ್ಮಲ್ಲಿ ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ. ಮೇಲು ಕೀಳು ಇಲ್ಲ. ಆದ್ದರಿಂದ ಆ ಬೆಕ್ಕನ್ನ ಎತ್ತಿ ಆಚೆ ಹಾಕೋ ಅಧಿಕಾರ ಇಲ್ಲಿರೋ ಪ್ರತಿಯೊಬ್ಬರಿಗೂ ಸಮನಾಗಿ ಇದೆ!"

ಸಭೆ ತಲೆದೂಗಿತು. ಒಳ್ಳೆಯ ಮಾತು ಎಂದು ಹಿಂದಿನ ಸಾಲಿನಿಂದ ದನಿ ಬಂತು. ಆಮೇಲೆ ಎಲ್ಲರೂ ಎಲ್ಲರ ಮುಖ ನೋಡಿಕೊಂಡರು. ಅಯ್ಯನವರ ಮಣಿಕಟ್ಟಿನ ಪಟ್ಟಿ ಬೆಳ್ಳಗೆ ಎದ್ದು ಕಾಣುತ್ತಿತ್ತು.

"ನೀವೇ ಹತ್ತಿ ಬೇಕರಿಯವರೇ," ಎಂದರು ಯಾರೋ.

"ನಾನೊಬ್ಬನೇ ಮುಂದೆ ಹೋದ್ರೆ ಮಿಕ್ಕವರ ಅಧಿಕಾರ ಕಸಿದುಕೊಂಡ ಹಾಗಾಗಲ್ವಾ?" ಎಂದು ಬೇಕರಿಯವರು ಕೂತರು.

ಅಯ್ಯನವರು ಸಮಾಧಾನವಾಗಿ ಹೇಳಿದರು. "ಅವರು ಹೇಳಿದ್ದು ಸರಿ. ಅಧಿಕಾರ ಎಲ್ಲರದೂ ಆಗಿರೋದರಿಂದಲೇ ಯಾರೂ ತಾವಾಗಿ ನುಗ್ಗಬಾರದು. ಸಭೆ ಸೇರಿ ಒಬ್ಬರನ್ನ ಕರೀಬೇಕು. ನನ್ನನ್ನ ಪ್ರಸಂಗಕ್ಕೆ ಕರೆದಿದ್ದೀರಿ. ಇದಕ್ಕೂ ಒಬ್ಬರನ್ನ ಕರೀರಿ."

ಟೈಲರಮ್ಮನ ಹೆಸರು ಬಂದಾಗ ಈ ಸಲ ಅವಳು ಅಲ್ಲೇ ಇದ್ದಳು. ಒಂದೊಂದೇ ಕೈ ಮೇಲೇಳುವುದನ್ನು ಕಣ್ಣಾರೆ ಕಂಡಳು. ಕೈಗೂಸಿನ ಕೈಯನ್ನು ಅದರ ತಾಯಿ ಎತ್ತಿ ಹಿಡಿದಾಗ, ಅದರ ಲೆಕ್ಕ ಬರುತ್ತದೋ ಇಲ್ಲವೋ ಎಂದು ಮೇಷ್ಟ್ರು ಕೇಳಿದರು. "ದೀಕ್ಷಾಸ್ನಾನ ಆಗಿದೆ!" ಎಂದು ತಾಯಿ ಕಿರುಚಿದಳು. ಮುಂದಿನ ಸಾಲಿನಲ್ಲಿ ಅತ್ತೆ ಎರಡೂ ಕೈ ಎತ್ತಿದ್ದರು.

ಅವಳಿಗೆ ಒಂಥರಾ ಆಯಿತು. ಅಷ್ಟು ಕೈಗಳು ತನ್ನ ಕಡೆಗೆ ಏಳುವುದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಭುಜ ನೆಟ್ಟಗೆ ಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಬೆಕ್ಕು ಬುಸ್ ಎಂದಿತು. ಅವಳು ಕೈ ಚಾಚಲಿಲ್ಲ. ಗಿರಾಕಿಗಳಿಗೆ ಅಂಚು ಗುರುತು ಮಾಡುವಾಗ ಕೂರುವ ಹಾಗೆ ಕುಕ್ಕುರುಗಾಲಲ್ಲಿ ಕೂತು ಸುಮ್ಮನೆ ನೋಡಿದಳು. ಕೆಳಗಿದ್ದವರಿಗೆ ಅವಳು ಕಾಣುತ್ತಲೇ ಇರಲಿಲ್ಲ. ಒಂದು ಮರಿ, ಕಣ್ಣು ಇನ್ನೂ ಬಿಡದ್ದು, ದಾರಿ ತಪ್ಪಿ ಅವಳ ಕಡೆಗೆ ತೆವಳಿ ಬಂದು ಕಾಲಿನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಬೆಕ್ಕು ಅವಳನ್ನು ನೋಡಿತು. ಅವಳು ಬೆಕ್ಕನ್ನು ನೋಡಿದಳು. ಮೂರು ಮಕ್ಕಳನ್ನು ಹೆತ್ತವಳು ಅವಳು. ಮೂರು ಬಾಣಂತನದಲ್ಲೂ ಎಲ್ಲಿ ಮಲಗಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂದು ಒಂದಲ್ಲ ಒಂದು ದನಿ ತಲೆಯ ಮೇಲೆ ಹಾರಾಡುತ್ತಲೇ ಇತ್ತು.

ಮರಿಯನ್ನು ಮೆಲ್ಲಗೆ ತಾಯಿಯ ಕಡೆಗೆ ಸರಿಸಿ ಎದ್ದು ನಿಂತಳು. ಪ್ರಸಂಗಪೀಠದ ಅಂಚಿನ ಮೇಲೆ ಅವಳ ತಲೆ ಮೂಡಿತು.

"ಇರಲಿ," ಎಂದಳು.

"ಏನಿರಲಿ?" ಎಂದರು ಅತ್ತೆ.

"ಬೆಕ್ಕು. ಮರಿಗಳು ಓಡಾಡೋ ತನಕ ಇಲ್ಲೇ ಇರಲಿ."

ಗುಲ್ಲೋ ಗುಲ್ಲು. ಮೇಷ್ಟ್ರು ಕೂಗಿದರು, "ಯಾವ ಅಧಿಕಾರದಿಂದ ಹೇಳ್ತೀರಿ?"

"ನೀವೇ ಈಗ ತಾನೇ ಕೈ ಎತ್ತಿದ್ರಲ್ಲ ಮೇಷ್ಟ್ರೇ. ಓಡಿಸು ಅಂತ ವಾಕ್ಯದಲ್ಲಿ ಇಲ್ಲ ಅಂತ ಹುಡುಕಿ ಹೇಳಿದವರೂ ನೀವೇ." ಅವಳ ದನಿ ಅವಳಿಗೇ ಅಂಗಡಿಯಲ್ಲಿ ಕೇಳುವ ದನಿಯ ಹಾಗೆ ಕೇಳಿಸಿತು. ಅಯ್ಯನವರ ಕಡೆ ತಿರುಗಿದಳು. "ವಾಕ್ಯ ಸಾರೋಕೆ ಮೆಟ್ಟಿಲು ಬೇಕಾ ಅಯ್ಯನವರೇ?"

ಅಯ್ಯನವರು ಯೋಚಿಸಿದರು. "ಬೇಡಮ್ಮ."

"ಈ ಬಾಣಂತಿಗೆ ಬೇಕು. ಕೆಳಗೆ ಬೀದಿನಾಯಿಗಳು ಓಡಾಡ್ತವೆ."

ಅಲ್ಲಿಗೆ ಮುಗಿಯಿತು. ಅಯ್ಯನವರು ಕೆಳಗೇ, ಮುಂದಿನ ಬೆಂಚಿನಿಂದ ಒಂದು ಮಾರು ದೂರದಲ್ಲಿ ನಿಂತು ಪ್ರಸಂಗ ಮಾಡಿದರು. ಹಾಳೆ ಇಡಲು ಜಾಗವಿಲ್ಲ. ಫ್ಯಾನಿನ ಗಾಳಿಗೆ ಎರಡು ಹಾಳೆ ಹಾರಿ ಹಿಂದಿನ ಸಾಲಿಗೆ ಹೋದವು. ಹಾಗಾಗಿ ಪ್ರಸಂಗ ಎಂದಿನದಕ್ಕಿಂತ ಬೇಗ ಮುಗಿಯಿತು. ಜನ ಬೆಕ್ಕಿನ ಬಗ್ಗೆ ಒಳ್ಳೆಯ ಮಾತಾಡುತ್ತ ಮನೆಗೆ ಹೋದರು.

ದಾರಿಯಲ್ಲಿ ಅತ್ತೆಯ ಊರುಗೋಲು ಎಂದಿಗಿಂತ ಜೋರಾಗಿ ಟಕ್ ಟಕ್ ಎನ್ನುತ್ತಿತ್ತು.

"ನನ್ನನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ವೇನೇ ನಿನಗೆ?"

"ನೀವು ಎರಡು ಕೈ ಎತ್ತಿದ್ರಲ್ಲ ಅತ್ತೆ. ಅಷ್ಟು ನಂಬಿಕೆ ಇದೆ ಅಂದುಕೊಂಡೆ."

"ಒಂದನ್ನ ಮಾತ್ರ ನಿನಗೆ ಎತ್ತಿದ್ದು. ಇನ್ನೊಂದನ್ನ ಭುಜ ಹಿಡಿದಿತ್ತು ಅಂತ ಎತ್ತಿದ್ದು."

ಅತ್ತೆಯ ನಿಜವಾದ ಕಷ್ಟ ಮುಂದಿನ ವಾರ ಶುರುವಾಯಿತು. ಅಯ್ಯನವರು ಮೇಲೆ ನಿಂತಿದ್ದಷ್ಟು ಕಾಲ ಅತ್ತೆ ತಲೆ ತಗ್ಗಿಸಿ, ಭಕ್ತಿಯ ಭಂಗಿಯಲ್ಲಿ ಸೊಗಸಾಗಿ ತೂಕಡಿಸುತ್ತಿದ್ದರು. ಈಗ ಅಯ್ಯನವರು ಎದುರಿಗೇ ನಿಂತಿದ್ದರು, ಉಗುಳು ಹಾರಿದರೆ ತಗಲುವಷ್ಟು ಹತ್ತಿರ. ನಿದ್ದೆ ಮಾಡುವುದು ಹೇಗೆ? ಬೇರೆ ದಾರಿ ಕಾಣದೆ ಅತ್ತೆ ಪ್ರಸಂಗ ಕೇಳತೊಡಗಿದರು. ಕೇಳುವುದಷ್ಟೇ ಅಲ್ಲ, ಕನ್ನಡಕ ಏರಿಸಿಕೊಂಡು ಮಡಿಲಲ್ಲಿದ್ದ ಸತ್ಯವೇದದಲ್ಲಿ ಸಾಲು ಸಾಲಾಗಿ ತಾಳೆ ನೋಡತೊಡಗಿದರು.

ಮೂರನೆಯ ಭಾನುವಾರ, ಪ್ರಸಂಗ ರಂಗೇರಿದ್ದಾಗ ಅತ್ತೆಯ ಊರುಗೋಲು ನೆಲಕ್ಕೆ ಬಡಿಯಿತು.

"ಅಯ್ಯನವರೇ, ನಿಲ್ಲಿ. ನೀವು ಹೇಳಿದ್ದು ಇಲ್ಲಿಲ್ಲ."

ಟೈಲರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಯ್ಯನವರ ಕಿವಿ ಕೆಂಪಾಯಿತು. "ಎಲ್ಲಮ್ಮ?"

"ಆ ಮಾತು ದೋಣಿಯಲ್ಲಿ ಹೇಳಿದ್ದು ಅಂದ್ರಿ. ಇಲ್ಲಿ ನೋಡಿದ್ರೆ ನಮ್ಮ ಸ್ವಾಮಿ ಬೆಟ್ಟದ ಮೇಲೆ ಕೂತಿದ್ದಾರೆ."

ಸಭೆಯಲ್ಲಿ ಪುಟ ತಿರುವುವ ಸದ್ದು ಒಮ್ಮೆಲೇ ಎದ್ದಿತು, ಪಾರಿವಾಳಗಳ ಹಿಂಡು ಹಾರಿದ ಹಾಗೆ. ಮೇಷ್ಟ್ರು ಅಜ್ಜನ ಪ್ರತಿ ತೆರೆದರು. ಬೇಕರಿಯವರು ಪಕ್ಕದವರ ಪ್ರತಿಯಲ್ಲಿ ಇಣುಕಿದರು. ಅಯ್ಯನವರೂ ತಮ್ಮದನ್ನು ಬಿಡಿಸಿ ನೋಡಿ, ಬೆರಳಿಟ್ಟು ಮತ್ತೊಮ್ಮೆ ನೋಡಿದರು.

"ಬೆಟ್ಟವೇ," ಎಂದರು ಕೊನೆಗೆ. "ತಪ್ಪು ನನ್ನದು."

ಅತ್ತೆ ಸಭೆಯ ಕಡೆ ತಿರುಗಿ, ಇಡೀ ಚರ್ಚನ್ನೇ ತಾವು ಕಟ್ಟಿಸಿದ ಹಾಗೆ ನೋಡಿದರು. ಮರುವಾರ ಅವರ ಕೋಲು ಮತ್ತೆ ಬಡಿಯಿತು. ಮತ್ತೆ ಪುಟಗಳು ಹಾರಿದವು. ಈ ಸಲ ಅಯ್ಯನವರು ಹೇಳಿದ್ದೇ ಸರಿ. ಎಲ್ಲರ ಪ್ರತಿಯೂ ಅದನ್ನೇ ಹೇಳುತ್ತಿತ್ತು, ಅತ್ತೆಯದ್ದೂ.

"ಅಕ್ಷರ ಸಣ್ಣದು," ಎಂದರು ಅತ್ತೆ.

"ಅತ್ತೆ," ಎಂದಳು ಟೈಲರಮ್ಮ ಹಿಂದಿನಿಂದ, ಮೆಲ್ಲಗೆ.

ಅತ್ತೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಸರಿ, ನಾನೇ ತಪ್ಪು ಓದಿದೆ. ಮುಂದುವರಿಸಿ." ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಸೊಸೆ ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಪಾಪ ಎನ್ನಿಸಿತು, ಅದರ ಹಿಂದೆಯೇ ತಡೆಯಲಾರದ ನಗು. ಪ್ರಸಂಗಪೀಠದ ಅಂಚಿನ ಮೇಲೆ ಬೂದು ಬಣ್ಣದ ಒಂದು ತಲೆ ಎದ್ದು, ಇದೇನು ಗಲಾಟೆ ಎಂದು ಎಲ್ಲರನ್ನೂ ನೋಡಿ, ಮತ್ತೆ ಒಳಗಿಳಿಯಿತು.

ಅಯ್ಯನವರಂತೂ ಶನಿವಾರಗಳನ್ನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಳೆಯತೊಡಗಿದರು. ಪ್ರಸಂಗಗಳು ಚೆನ್ನಾಗಾದವು. ಎಷ್ಟು ಚೆನ್ನಾಗಾದವೆಂದರೆ, ಬೆಕ್ಕಿಗೆ ಬಂದವರು ಬೆಕ್ಕನ್ನು ಮರೆತು ಬರತೊಡಗಿದರು.

ಬೆಕ್ಕು ಯಾರ ತೀರ್ಮಾನಕ್ಕೂ ಕಾಯಲಿಲ್ಲ. ಒಂದು ಭಾನುವಾರ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುತ್ತಿದ್ದಾಗ, ಒಂದು ಮರಿಯನ್ನು ಕಚ್ಚಿಕೊಂಡು ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ಬಾಲ ನೆಟ್ಟಗೆ ಮಾಡಿ ನಡೆದು ಹೊರಗೆ ಹೋಯಿತು. ತಿರುಗಿ ಬಂತು. ಇನ್ನೊಂದನ್ನು ಒಯ್ದಿತು. ಸಭೆ ಪ್ರಮಾಣ ಹೇಳುತ್ತಲೇ ಕತ್ತನ್ನು ಮಾತ್ರ ಅತ್ತಿಂದಿತ್ತ ತಿರುಗಿಸಿತು. ಅದು ಹೋಗಿ ಸೇರಿದ್ದು ಬೇಕರಿಯ ಹಿಟ್ಟಿನ ಕೋಣೆಗೆ. ಓಡಿಸಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ಬೇಕರಿಯವರು ಅಂದು ಸಂಜೆಯೇ ಹಾಲಿನ ಬಟ್ಟಲು ಹಿಡಿದು ಓಡಾಡುತ್ತಿದ್ದುದನ್ನು ಇಡೀ ಬೀದಿ ನೋಡಿತು.

ಮರುವಾರ ಅಯ್ಯನವರು ಹಾಳೆಗಳನ್ನು ಎದೆಗೊತ್ತಿಕೊಂಡು, ಬಿಡುಗಡೆಯ ನಗು ನಗುತ್ತ ಪ್ರಸಂಗಪೀಠದ ಕಡೆಗೆ ಹೊರಟರು.

"ಎಲ್ಲಿಗೆ?" ಎಂದರು ಅತ್ತೆ.

"ಮೇಲಕ್ಕಮ್ಮ. ಬೆಕ್ಕು ಹೋಯ್ತಲ್ಲ."

"ಕೆಳಗೇ ಚೆನ್ನಾಗಿತ್ತು. ಮೇಲೆ ಹೋದ್ರೆ ನನಗೆ ಕೇಳಿಸಲ್ಲ." ಹೌದು ಹೌದು ಎಂದಿತು ಅರ್ಧ ಸಭೆ. ಮೇಲೆಯೇ ಲಕ್ಷಣ ಎಂದಿತು ಇನ್ನರ್ಧ. ಮೇಷ್ಟ್ರು ಅಜ್ಜನ ಪ್ರತಿಗೆ ಕೈ ಹಾಕಿದರು. ಎಲ್ಲರೂ ಟೈಲರಮ್ಮನ ಕಡೆ ತಿರುಗಿದರು.

ಅವಳು ಎದ್ದಳು. "ಅಯ್ಯನವರು ಎಲ್ಲಿ ನಿಲ್ಲಬೇಕು ಅಂತ ವಾಕ್ಯದಲ್ಲಿ ಎಲ್ಲೂ ಇಲ್ಲ. ನಾನೂ ಹೇಳಲ್ಲ, ಅತ್ತೆನೂ ಹೇಳೋ ಹಾಗಿಲ್ಲ. ಏನು ಹೇಳಬೇಕು ಅನ್ನೋದು ಮಾತ್ರ ಅದರಲ್ಲಿದೆ. ಎಲ್ಲಿ ನಿಂತು ಹೇಳ್ತಾರೋ ಅವರಿಗೆ ಬಿಟ್ಟಿದ್ದು."

ಇಷ್ಟೊಂದು ಸ್ವಾತಂತ್ರ್ಯ ಒಮ್ಮೆಲೇ ಸಿಕ್ಕರೆ ಮನುಷ್ಯ ಏನು ಮಾಡಬೇಕು? ಅಯ್ಯನವರು ಮೇಲೆ ನೋಡಿದರು. ಅತ್ತೆಯನ್ನು ನೋಡಿದರು. ಎರಡು ಮೆಟ್ಟಿಲು ಹತ್ತಿದರು, ಮೂರನೆಯದರ ಮೇಲೆ ನಿಂತರು, ಅಲ್ಲೇ ತಿರುಗಿ ಮೆಟ್ಟಿಲ ಪಕ್ಕದ ಕಟಕಟೆಗೆ ಒರಗಿ ಪ್ರಸಂಗ ಶುರುಮಾಡಿಬಿಟ್ಟರು.

ಬಿಷಪ್ಪರು ಮುಂದೆ ಬಂದಾಗ, ಮೊದಲು ಬಾಗಿಲಲ್ಲಿ ನಿಂತು ಮೂಲೆಮೂಲೆ ಪರೀಕ್ಷಿಸಿ, ಆಮೇಲೆ ಉದ್ದ ಟೊಪ್ಪಿ ಹಾಕಿಕೊಂಡು ಒಳಗೆ ಬಂದರು. ಆರಾಧನೆ ಮುಗಿದ ಮೇಲೆ ಟೈಲರಮ್ಮನನ್ನು ಪಕ್ಕಕ್ಕೆ ಕರೆದು, ನಿಮ್ಮ ಪಾಸ್ಟರು ಮೆಟ್ಟಿಲ ನಡುವೆ ನಿಂತು ಮಾತಾಡ್ತಾರಲ್ಲ, ಇದರ ಹಿಂದೆ ಏನಾದರೂ ಆಳವಾದ ಅರ್ಥ ಇದೆಯೇ ಎಂದು ಕೇಳಿದರು.

"ಇಲ್ಲ ಬಿಷಪ್ಪರೇ," ಎಂದಳು ಅವಳು. "ಅಲ್ಲಿ ನಿಂತ್ರೆ ಫ್ಯಾನಿನ ಗಾಳಿಗೆ ಅವರ ಹಾಳೆ ಹಾರಲ್ಲ."